ಜರ್ ಅನ್ನೋ ತಂತಿ, ಮಾವಾರ ಮನಿ ಮದುವಿ

ಮಾನ ಹೋದ್ರ ಒಂದೇ ಸಲ ಹೋಗತೈತಿ ಅಂತ ತಿಳ್ಕೊಂಡಿದ್ದೆ. ಬೇಸ್ ಗಿಟಾರ್ ಹೆಗಲಿಗೆ ಬಿದ್ದ ಮ್ಯಾಲೆ ಗೊತ್ತಾತು, ಅದು ಕಂತಿನ ಮ್ಯಾಲೆ ಹೋಗತೈತಿ. ಒಂದು ಕಂತು ಮುಗೀತಪ್ಪಾ ಅಂತ ಉಸಿರು ಬಿಡೋದ್ರಾಗ ಮುಂದಿನ ಕಂತು ಬಾಗಿಲಿಗೆ ಬಂದು ನಿಂತಿರತೈತಿ.

ನಂದು ಹಗರಿಬೊಮ್ಮನಹಳ್ಳ್ಯಾಗ ಬೀಜ-ಗೊಬ್ಬರದ ಅಂಗಡಿ. ಯೂರಿಯಾ, ಮೆಕ್ಕೆಜೋಳದ ಬೀಜ, ಹುಳದ ಎಣ್ಣಿ, ಇಷ್ಟು ಬಿಟ್ರ ನನಗ ಏನೂ ಬರಂಗಿಲ್ಲ ಅಂತ ಹರಪನಹಳ್ಳಿಯ ನಮ್ಮ ಮಾವಾರ ಅಭಿಪ್ರಾಯ. ಅಭಿಪ್ರಾಯ ಖರೇನೇ ಇತ್ತು, ಅದಕ್ಕ ನನಗ ಜಾಸ್ತಿ ಚುಚ್ಚತಿತ್ತು. ನಾದಿನಿಯ ನಿಶ್ಚಿತಾರ್ಥದ ದಿನ ಗಂಡಿನ ಕಡೆಯವರು, "ನಮ್ಮ ಹುಡುಗನ ಅಣ್ಣ ಛಲೋ ಹಾಡ್ತಾನ್ರಿ. ನಿಮ್ಮ ಕಡೆ ಯಾರಿಗಾದ್ರೂ ಏನಾರ ಬರತೈತೇನು?" ಅಂತ ಕೇಳಿದ್ರು. ಮಾವಾರು ಸುತ್ತ ಒಂದು ಸಲ ಕಣ್ಣಾಡಿಸಿದ್ರು. ನನ್ನ ಹತ್ರ ಬಂದ ಕಣ್ಣು ನಿಲ್ಲದಂಗ ಮುಂದಕ್ಕ ಹೋತು ನೋಡ್ರಿ, ನನಗ ತಡಕೊಳ್ಳಾಕ ಆಗಲಿಲ್ಲ. "ನಾನು ಬೇಸ್ ಗಿಟಾರ್ ನುಡಿಸ್ತೀನ್ರಿ ಮಾವಾರ" ಅಂದುಬಿಟ್ಟೆ.

ಗಿಟಾರ್ ಮನ್ಯಾಗ ಇದ್ದದ್ದು ಖರೆ. ಕೊಟ್ಟೂರಿನ ಆರ್ಕೆಸ್ಟ್ರಾದವರು ಹೊಸದು ತಗೊಂಡಾಗ ಹಳೇದನ್ನ ನಾನು ಆಸಿಗೆ ಬಿದ್ದು ತಂದಿಟ್ಟಿದ್ದೆ. ಚೀಲದಿಂದ ಹೊರಗ ತೆಗದಿರಲಿಲ್ಲ, ಅಷ್ಟೇ. ಮಾವಾರಿಗೆ ಅದೆಲ್ಲಿಂದ ಗೊತ್ತಾಗಬೇಕು? ಎದ್ದು ನಿಂತು, "ರಿಸೆಪ್ಷನ್ನಿಗೆ ನಮ್ಮ ದೊಡ್ಡ ಅಳಿಯಂದ್ರದ್ದೇ ಗಿಟಾರ್!" ಅಂತ ಸಾರಿದ್ರು. ಲಗ್ನಪತ್ರಿಕ್ಯಾಗೂ ಹಾಕಿಸಿದ್ರು.

ವಾಪಸ್ ಬರೋವಾಗ ಬಸ್ಸಿನಾಗ ನಮ್ಮಾಕಿ ಕಿಟಕಿ ಕಡೆ ಮುಖ ಮಾಡಿ, "ಮಂದಿ ಮುಂದ ನಮ್ಮಪ್ಪನ ಮರ್ಯಾದಿ ಏನಾರ ಹೋತು, ನಾನು ತವರಿನ ಮುಖಾನೂ ನೋಡಂಗಿಲ್ಲ, ನಿಮ್ಮ ಮುಖಾನೂ ನೋಡಂಗಿಲ್ಲ" ಅಂದ್ಳು.

ಗಿರಣಿ

ಬೇಸ್ ಗಿಟಾರಿಗೆ ನಾಕೇ ತಂತಿ, ಎಲ್ಲಾ ದಪ್ಪನವು. ಹಾಡಿನ ತಳದಾಗ ಕುಂತು ಧುಂ ಧುಂ ಅನ್ನೋದು ಅದರ ಕೆಲಸ. ನಂದು ಧುಂ ಅನ್ನಲಿಲ್ಲ. ಜರ್ರ್ ಅಂತು.

ಮೊಬೈಲಿನಾಗ ವಿಡಿಯೋ ನೋಡಿದೆ. ಗಿಟಾರಿನ ಕುತ್ತಿಗಿ ಮ್ಯಾಲೆ ಅಡ್ಡಡ್ಡ ಪಟ್ಟಿ ಇರತಾವು, ತಂತಿ ಕೆಳಗ ಇಳಿದು ಆ ಪಟ್ಟಿಗೆ ತಾಕಿದ್ರ ಜರ್ ಅನ್ನತೈತಿ, ಎತ್ತರ ಮಾಡ್ರಿ ಅಂದ್ರು. ಎತ್ತರ ಮಾಡಿದೆ. ಜರ್ರ್. ಕುತ್ತಿಗಿ ಒಳಗ ಒಂದು ಸರಳು ಐತಿ, ಅದನ್ನ ಕೀಲಿ ಹಾಕಿ ತಿರುವ್ರಿ ಅಂದ್ರು. ತಿರುವಿದೆ. ಜರ್ರ್. ಮತ್ತಷ್ಟು ಎತ್ತರ ಮಾಡಿದೆ. ತಂತಿ ಬಟ್ಟಿ ಒಣ ಹಾಕೋ ಹಗ್ಗದಂಗ ಮ್ಯಾಲಕ್ಕ ಹೋದವು, ಒತ್ತಾಕ ಬೆರಳಿಗೆ ಶಕ್ತಿ ಸಾಲದಂಗಾತು, ಆದ್ರೂ ಜರ್ರ್.

ಕಡೀಕ ನಮ್ಮಾಕಿ ಅಡುಗಿ ಮನ್ಯಾಗಿಂದ ಕೂಗಿದ್ಳು, "ಈಗ ಬಾರಿಸ್ರಿ." ಬಾರಿಸಿದೆ. ಧುಂ! ಓಡಿ ಹೋಗಿ ನೋಡಿದ್ರ, ಸ್ಟೀಲ್ ತಾಟಿನ ಸ್ಟ್ಯಾಂಡು ಎರಡೂ ಕೈಲೆ ಅವಚಿಕೊಂಡು ನಿಂತಾಳ. ಗಿಟಾರಿಗೆ ಹಚ್ಚಿದ ಸ್ಪೀಕರ್ ಇಟ್ಟಿದ್ದು ಗ್ವಾಡಿ ಈ ಕಡೆ, ಅದೇ ಗ್ವಾಡಿ ಆ ಕಡೆ ಆಕಿ ತವರಿನಿಂದ ತಂದ ಅಷ್ಟೂ ತಾಟು, ಡಬ್ಬಿ, ಚರಿಗಿ. ಜರ್ ಅಂದದ್ದು ಗಿಟಾರಲ್ಲ, ಮಾವಾರ ಮನಿ ಪಾತ್ರಿ.

ಅಷ್ಟೊತ್ತಿಗೆ ಪಕ್ಕದ ಮನಿ ಅಕ್ಕಾರು ಬುಟ್ಟಿ ತುಂಬ ಜೋಳ ಸೊಂಟದ ಮ್ಯಾಲೆ ಇಟ್ಕೊಂಡು ಒಳಗ ಬಂದ್ರು. "ಅಲ್ಲವ್ವಾ, ಗಿರಣಿ ಹಾಕೀರಿ, ಬಾಜೂಕಿನವರಿಗೆ ಒಂದು ಮಾತು ಹೇಳಬಾರದಾ? ಬೆಳಿಗ್ಗಿಂದ ಸಪ್ಪಳ ಕೇಳಾಕ್ಹತ್ತೀನಿ. ರೊಟ್ಟಿಗಿ ಸಣ್ಣಗ ಬೀಸಿಕೊಡವ್ವಾ."

ನಮ್ಮಾಕಿ ನನ್ನ ನೋಡಿದ್ಳು, ಗಿಟಾರ್ ನೋಡಿದ್ಳು. ಗಂಡ ಗಿಟಾರ್ ಬಾರಿಸ್ತಾನ ಅನ್ನೋದಕ್ಕಿಂತ ಇದೇ ಮರ್ಯಾದಿ ಅನಿಸಿರಬೇಕು. "ಇನ್ನೂ ಕಲ್ಲು ಕುಂತಿಲ್ಲ ಅಕ್ಕಾ," ಅಂದ್ಳು, "ಕುಂತ ಮ್ಯಾಲೆ ಮೊದಲು ನಿಮ್ದೇ ಬೀಸಿಕೊಡ್ತೀವಿ."

ಸಾಲಿ ಮಾಸ್ತರ

ಮನ್ಯಾಗ ಬ್ಯಾಡಂತ ಗಿಟಾರ್ ಅಂಗಡಿಗೆ ತಂದೆ. ಮೊಬೈಲಿನಾಗ ಶ್ರುತಿ ನೋಡೋದೊಂದು ಆಪ್ ಐತಿ. ತಂತಿ ಮೀಟಿದ್ರ ಮುಳ್ಳು ಓಡ್ಯಾಡತೈತಿ, ಶ್ರುತಿ ಕೂಡಿದ್ರ ಹಸಿರು ಬರತೈತಿ, ಇಲ್ಲಂದ್ರ ಕೆಂಪು. ಇಷ್ಟು ಸುಲಭ ಐತಿ, ಇದಕ್ಯಾಕ ಗುರು ಬೇಕು ಅಂತ ಮೊಬೈಲನ್ನ ಯೂರಿಯಾ ಚೀಲದ ಮ್ಯಾಲೆ ನಿಲ್ಲಿಸಿದೆ.

ಮಾಗಳದಿಂದ ಮೆಕ್ಕೆಜೋಳದ ಬೀಜಕ್ಕಂತ ಬಂದಿದ್ದ ಹಿರಿ ಮನಿಷ್ಯಾರೊಬ್ರು ಎದುರಿಗೆ ಸ್ಟೂಲಿನ ಮ್ಯಾಲೆ ಕುಂತು ಚಹಾ ಕುಡೀತಿದ್ರು. ನಾನು ತಂತಿ ಮೀಟಿದೆ. ಕೆಳಗ ಐತಿ, ಬಿಗಿ ಮಾಡು ಅಂತು ಮೊಬೈಲು. ಗಿಟಾರಿನ ತುದ್ಯಾಗ ಕಿವಿ ಇದ್ದಂಗ ನಾಕು ತಿರುಪು ಇರತಾವು, ತಿರುವಿದೆ. ಇನ್ನೂ ಕೆಳಗ ಐತಿ ಅಂತು. ತಿರುವಿದೆ. ಇನ್ನೂ ಅಂತು. ನನಗ ಸಿಟ್ಟು ಬಂತು, ನೀನೋ ನಾನೋ ಅಂತ ಹಲ್ಲು ಕಚ್ಚಿ ತಿರುವಿದೆ. ಠಣ್! ಆಚಿ ಕಡೆ ಇದ್ದದ್ರಾಗ ಸಣ್ಣ ತಂತಿ ಹರಿದು ಹಾರಿ ಬೇವಿನಹಿಂಡಿ ಚೀಲಕ್ಕ ಬಾರಿಸ್ತು. ನಾನು ಮೀಟತಿದ್ದ ತಂತಿ ಮಾತ್ರ ಏನೂ ಆಗದವರಂಗ ಸಡ್ಲಾಗಿ ಬಿದ್ದಿತ್ತು.

ಹಿರಿಯರು ಚಹಾದ ಲೋಟ ಕೆಳಗಿಟ್ರು. "ನೀವು ಹೊಡೆಯೋದು ಒಂದನ್ನ, ಕಿವಿ ಹಿಂಡೋದು ಇನ್ನೊಂದರದ್ದು" ಅಂದ್ರು. ಬಾಯಿ ಒರಸಿಕೊಂಡು, "ನಮ್ಮ ಊರಾಗ ಒಬ್ರು ಸಾಲಿ ಮಾಸ್ತರು ಹಂಗೇ ಇದ್ರು. ನಾನು ಸಾಲಿ ಬಿಟ್ಟಿದ್ದೇ ಅದಕ್ಕ" ಅಂದ್ರು.

ನ್ಯೂಟ್ರಲ್

ಬೇಸ್ ಗಿಟಾರಿನ ತಂತಿ ಕೂಡ್ಲಿಗ್ಯಾಗ ಇಲ್ಲ, ಹಡಗಲ್ಯಾಗ ಇಲ್ಲ. ಹಡಗಲಿ ಅಂಗಡಿಯವ, "ಎಮ್ಮಿ ಕಟ್ಟೋದೇನ್ರಿ?" ಅಂತ ಕೇಳಿದ. ಕೊರಿಯರಿಗೆ ಹೇಳಿದ್ರ ವಾರ ಆಗತೈತಿ ಅಂದ್ರು. ಮರುದಿನಾನೇ ಕೊಟ್ಟೂರಿನಾಗ, ರಿಸೆಪ್ಷನ್ನಿಗೆ ಗೊತ್ತು ಮಾಡಿದ್ದ ಅದೇ ಆರ್ಕೆಸ್ಟ್ರಾದವರ ಕೂಡ ಮೊದಲನೇ ರಿಹರ್ಸಲ್ಲು.

ಆವಾಗ ನನ್ನ ತಲಿ ಓಡಿತು. ಬೈಕಿನ ಕ್ಲಚ್ ವೈರು! ತುದ್ಯಾಗ ಒಂದು ಗುಂಡು ಇರತೈತಿ, ಗಿಟಾರಿನ ತಂತಿಗೂ ಅಂಥದೇ ಗುಂಡು. ತಂದು ಬಿಗದೆ, ಕುಂತುಬಿಡ್ತು. ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ.

ಕೊಟ್ಟೂರಿನಾಗ ಕೀಬೋರ್ಡ್ ಮಾಸ್ತರು ಮೂಗು ಅರಳಿಸಿ, "ಏನ್ ಸರ್, ಗ್ಯಾರೇಜ್ ವಾಸನಿ ಬರಾಕ್ಹತ್ತೈತಿ?" ಅಂದ್ರು. ನಾನು ಕೇಳಿಸದವರಂಗ ನುಡಿಸಾಕ ಶುರು ಮಾಡಿದೆ. ಉಳಿದ ತಂತಿ ಧುಂ ಅಂದ್ರ ಇದು ಕಿರ್ಕ್ ಅನ್ನತಿತ್ತು. ಬೆರಳು ಕರ್ರಗಾದವು, ಅದೇ ಬೆರಳಿಲೆ ಬೆವರು ಒರಸಿಕೊಂಡು ಹಣಿ ಕರ್ರಗಾತು, ಆಮ್ಯಾಲೆ ಮಂಡಕ್ಕಿ ಮಿರ್ಚಿ ತರಿಸಿದ್ರು, ಮಂಡಕ್ಕೀನೂ ಕರ್ರಗಾದವು. ಹಾಡೋ ಹುಡುಗಿ ನಗು ತಡಿಯಾಕಾಗದ ಹೊರಗ ಎದ್ದು ಹೋದ್ಳು. ಭೂಮಿ ಬಾಯಿ ಬಿಡಬಾರದಾ ಅನಿಸ್ತು.

ಮಾಸ್ತರು ಬಗ್ಗಿ ತಂತಿ ನೋಡಿದ್ರು, ಬೆರಳಿಲೆ ಮುಟ್ಟಿದ್ರು, ಮೂಸಿದ್ರು. ಭಾಳ ಮರ್ಯಾದಿಲೆ ಹೇಳಿದ್ರು: "ಸರ್, ಮದುವಿ ದಿನ ನೀವು ನ್ಯೂಟ್ರಲ್‌ನಾಗೇ ಇದ್ದುಬಿಡ್ರಿ. ಗೇರ್ ನಾವು ಹಾಕ್ತೀವಿ."

ಕೆಮ್ಮು

ಖರೇ ತಂತಿ ಬಂದ ಮ್ಯಾಲೆ ಕೀಬೋರ್ಡ್ ಮಾಸ್ತರು, "ಹಾರ್ಮೋನಿಯಂ ಜೋಡಿ ಕೂಡಿಸಿ ಅಭ್ಯಾಸ ಮಾಡ್ರಿ" ಅಂದಿದ್ರು. ನಮ್ಮ ಓಣ್ಯಾಗ ಸೋಮವಾರಕ್ಕೊಮ್ಮಿ ಭಜನಿ. ಹೋದೆ. ಹಾರ್ಮೋನಿಯಂ ಪೆಟ್ಟಿಗಿ ನುಡಿಸೋ ಅಜ್ಜಾರು ಒಂದು ಸ್ವರ ಹಿಡಿದ್ರು. ನನ್ನ ಗಿಟಾರಿಗೂ ಅದಕ್ಕೂ ಕೂಡವಲ್ದು. ಮೊಬೈಲ್ ಹಿಡಿದು ನೋಡಿದೆ, ಪೆಟ್ಟಿಗೀದೇ ಶ್ರುತಿ ಇಳಿದೈತಿ.

ಸುಮ್ಮನೆ ಎದ್ದು ಬರಬೇಕಿತ್ತು. ನಾನು ಹೇಳಿಬಿಟ್ಟೆ.

ಭಜನಿ ನಿಂತಿತು. "ಈ ಪೆಟ್ಟಿಗಿ ನಮ್ಮಪ್ಪನ ಕಾಲದ್ದು," ಅಂದ್ರು ಅಜ್ಜಾರು, "ಊರಿಗೆ ಊರೇ ಇದಕ್ಕ ದನಿ ಕೂಡಿಸಿ ಹಾಡೈತಿ. ನಿಮ್ಮ ಮೊಬೈಲು ಏನು ಹೇಳತೈತಿ?" ಎಲ್ಲಾರ ದನೀನೂ ಅದರಾಗ ಪರೀಕ್ಷಾ ಮಾಡಬೇಕಂತ ಹಠ ಹಿಡಿದ್ರು. ಒಬ್ಬೊಬ್ಬರೇ ಬಂದು ಮೊಬೈಲಿನ ಮುಂದ ಬಾಯಿ ತೆಗೆದ್ರು. ತಾಳದವರದು ಕೆಂಪು. ಮುಮ್ಮೇಳದವರದು ಕೆಂಪು. ಹಿಮ್ಮೇಳ ಪೂರ್ತಿ ಕೆಂಪು. ಅಜ್ಜಾರು ತಾವೂ ಹಾಡಬೇಕಂತ ಗಂಟಲು ಸರಿ ಮಾಡ್ಕೊಂಡು ಒಮ್ಮಿ ಕೆಮ್ಮಿದ್ರು. ಹಸಿರು ಬಂತು.

"ನೋಡ್ರಿ," ಅಂದ್ರು ಅಜ್ಜಾರು, "ನಿಮ್ಮ ಯಂತ್ರಕ್ಕ ಹಾಡು ತಿಳಿಯಂಗಿಲ್ಲ, ಕೆಮ್ಮು ತಿಳಿತೈತಿ. ಗಿಟಾರ್ ತರ್ರಿ ಇಲ್ಲಿ, ನಾನು ಕೆಮ್ಮತೀನಿ, ನೀವು ಕೂಡಿಸಿಕೊಳ್ರಿ."

ರಿಸೆಪ್ಷನ್

ಮದುವಿ ದಿನ ಬಂತು. ಹರಪನಹಳ್ಳಿಯ ಕಲ್ಯಾಣ ಮಂಟಪ ತುಂಬಿ ಹೊರಗೂ ಕುರ್ಚಿ ಹಾಕಿದ್ರು. ಸಂಜಿಮುಂದ ಗಿಟಾರಿಗೆ ವೈರ್ ಚುಚ್ಚಿದೆ. ಗುಂಂಂಂ! ಟ್ರಾನ್ಸ್‌ಫಾರ್ಮರ್ ಕೆಳಗ ನಿಂತಂಗಾತು. ಹೆದರಿ ತಂತಿ ಮ್ಯಾಲೆ ಕೈ ಇಟ್ಟೆ, ಗಪ್ ಅಂತು. ತೆಗೆದೆ, ಗುಂಂಂ. ಇಟ್ಟೆ, ಗಪ್.

ಕೀಬೋರ್ಡ್ ಮಾಸ್ತರು ಕಿವ್ಯಾಗ ಹೇಳಿದ್ರು: "ಅರ್ತಿಂಗ್ ಸರಿ ಇಲ್ಲ ಸರ್. ಮೈ ತಾಕಿದ್ರ ಸುಮ್ಮನಿರತೈತಿ. ಏನೇ ಆಗಲಿ ಕೈ ಎತ್ತಬ್ಯಾಡ್ರಿ."

ಎತ್ತಲಿಲ್ಲ. ಬಲಗೈ ತಂತಿ ಮ್ಯಾಲೇ ಇಟ್ಟು ನ್ಯೂಟ್ರಲ್‌ನಾಗ ಧುಂ ಧುಂ ಅಂದೆ. ಹಾಡು ಛಲೋ ಹೋದವು! ಮುಂದಿನ ಸಾಲಿನಾಗ ಮಾವಾರು ಬಾಜೂಕಿನವರ ತೊಡಿ ತಟ್ಟಿ, "ನಮ್ಮ ದೊಡ್ಡ ಅಳಿಯಂದ್ರು" ಅನ್ನೋದು ಕಾಣತಿತ್ತು. ನಮ್ಮಾಕಿ ಮುಖದ ಮ್ಯಾಲೆ ನಗಿ ಬಂದಿತ್ತು. ಅಷ್ಟಕ್ಕ ಮುಗದಿದ್ರ ನಾನು ಇವತ್ತು ಇದನ್ನ ಬರಿತಿರಲಿಲ್ಲ.

ಮಾವಾರು ಉಬ್ಬಿ, ಎಲ್ಲಾರ ಮುಂದ ದೊಡ್ಡ ಅಳಿಯಗ ಮಾನ ಮಾಡಬೇಕಂತ ಸ್ಟೇಜ್ ಹತ್ತಿಬಿಟ್ರು. ಮೊದಲು ಮದುಮಗ ಬಂದು ನನ್ನ ಕಾಲಿಗೆ ಬಿದ್ದ. ಬಲಗೈ ಎತ್ತಿದ್ರ ಗುಂಂ. ಕೈ ಬದಲಿಸೋದು ಗಾಬರ್ಯಾಗ ಹೊಳೀಲಿಲ್ಲ, ಎಡಗೈಲೆ ಆಶೀರ್ವಾದ ಮಾಡಿದೆ. ಗಂಡಿನ ಕಡೆ ಹೆಂಗಸರು "ಶಿವಾ" ಅಂತ ಬಾಯಿ ಮ್ಯಾಲೆ ಕೈ ಇಟ್ಕೊಂಡ್ರು. ನಮ್ಮಾಕಿ ನಗಿ ಹೋತು.

ಆಮ್ಯಾಲೆ ಮಾವಾರು ಶಾಲು ಹೊದಿಸಿ, ತೆಂಗಿನಕಾಯಿ, ಎಲಿ-ಅಡಿಕಿ ಇಟ್ಟ ತಾಟು ಚಾಚಿ ನಿಂತ್ರು. ಇದನ್ನ ಒಂದು ಕೈಲೆ ಇಸಕೊಳ್ಳಂಗಿಲ್ಲ, ಎಡಗೈಲಂತೂ ಇಲ್ಲೇ ಇಲ್ಲ. ಎರಡೂ ಕೈ ಚಾಚಿದೆ. ಗುಂಂಂಂ! ತೊಡಿ ಮ್ಯಾಲಿನ ಕೂಸುಗಳು ಚೀರಿದವು. ಕೈ ವಾಪಸ್ ಇಟ್ಟೆ. ಮಾವಾರು ಮತ್ತ ತಾಟು ಚಾಚಿದ್ರು. ಮತ್ತ ಗುಂಂಂ. ಮೂರನೇ ಸಲಕ್ಕ ಅವರ ಕಣ್ಣಾಗ ನೀರು ಬರೋದೊಂದು ಬಾಕಿ. ಮೈ ತಾಕಿದ್ರ ಸಾಕು ಅಂದಿದ್ರಲ್ಲ ಮಾಸ್ತರು? ಗಿಟಾರನ್ನ ಎದಿ ಮಟ್ಟ ಎತ್ತಿ ಮೊಣಕೈಲೆ ಅವಚಿಕೊಂಡು, ಬಗ್ಗಿ, ಗದ್ದ ತಂತಿಗೆ ಒತ್ತಿದೆ. ಗಪ್ ಅಂತು. ಹಂಗೇ ಗದ್ದ ಒತ್ತಿಕೊಂಡು, ಕಣ್ಣು ಮ್ಯಾಲೆ ಮಾಡಿ, ಎರಡೂ ಕೈ ಚಾಚಿ ನಿಂತೆ. ಭಾರಕ್ಕ ಮೈಯೆಲ್ಲಾ ಗದಗದ ನಡುಗಾಕ ಹತ್ತಿತು.

ಹಿಂದಿನ ಸಾಲಿನಿಂದ ಒಬ್ಬ ಮುದುಕಿ ದನಿ ಕೇಳಿಸ್ತು: "ಅಳಿಯಂದ್ರ ಮೈಮ್ಯಾಲೆ ದೇವ್ರು ಬಂದೈತೆ!"

ಮೈಲಾರದ ದೇವ್ರಿಗೆ ನಡಕೊಳ್ಳೋ ಮಂದಿ, ಮೈಮ್ಯಾಲೆ ಬರೋದನ್ನ ಕಂಡವರು, ಯಾರೂ ನಗಲಿಲ್ಲ. ಒಬ್ರು ಎದ್ದು ಚಪ್ಪಲಿ ಬಿಟ್ರು. "ಏನು ಬೇಕು ಕೇಳ್ರಪ್ಪಾ" ಅಂದ್ರು ಇನ್ನೊಬ್ರು. ಗದ್ದ ಒತ್ತಿಟ್ಟ ನನಗ ಬಾಯಿ ತೆಗಿಯಾಕ ಬರವಲ್ದು, "ಊಂ ಊಂ" ಅಂದೆ. ಅದಕ್ಕ ಮಾವಾರು ತಾಟು ಕೆಳಗಿಟ್ಟು ನನಗ ಕೈ ಮುಗಿದ್ರು. ಅವರ ಕೈಲೆ ಮರ್ಯಾದಿ ತಗೋಬೇಕಂತ ತಾನೇ ಇಷ್ಟೆಲ್ಲಾ ಒದ್ದಾಡಿದ್ದು? ಹಿಂಗ ಬರಬಾರದಿತ್ತು. ನಾಚಿಗಿಲೆ ಸತ್ತೇ ಹೋದೆ.

ಅತ್ತಿಯವರು ವಿಭೂತಿ ತಗೊಂಡು ಬಂದ್ರು. ನಮ್ಮ ಅತ್ತಿಯವರು ಹಳೇ ಕಾಲದವರು, ಅಳಿಯನ ಕೂಡ ಮಾತಾಡಂಗಿಲ್ಲ. ನಾನು ಎದುರಿಗೇ ಕುಂತಿದ್ರೂ ತಲಿ ತುಂಬ ಸೆರಗು ಹೊದ್ದು, "ಅಳಿಯಂದ್ರಿಗೆ ಇನ್ನೊಂದು ಹೋಳಿಗಿ ಬೇಕೇನು ಕೇಳವ್ವಾ" ಅಂತ ಮಗಳಿಗೆ ಹೇಳೋರು. ಲಗ್ನ ಆದಾಗಿಂದ ನನಗ ಅವರ ದನಿ ಗೊತ್ತಿತ್ತೇ ಹೊರತು ಮುಖ ಸರಿಯಾಗಿ ಗೊತ್ತಿರಲಿಲ್ಲ. ಹಣಿಗೆ ವಿಭೂತಿ ಹಚ್ಚಾಕ ಬಂದವರು ತಡೆದ್ರು. ನನ್ನ ಮುಖ ನೋಡಿದ್ರು, ಗಿಟಾರ್ ನೋಡಿದ್ರು, ಅದರ ಮೈಮ್ಯಾಲಿನ ಗುಂಡಿ ನೋಡಿದ್ರು. ಹಾಡೋರ ಮೈಕು ನನ್ನ ಗದ್ದದ ಬಾಜೂಕ್ಕೇ ನಿಂತಿತ್ತು. ಅತ್ತಿಯವರು ಸೆರಗು ಹಿಂದಕ್ಕ ಸರಿಸಿ, ಮೊದಲನೇ ಸಲ ನೆಟ್ಟಗ ನನಗೇ ಅಂದ ಮಾತು ಇಡೀ ಮಂಟಪಕ್ಕ ಕೇಳಿಸ್ತು:

"ಅಳಿಯಂದ್ರೇ, ಆ ಗುಂಡಿ ತಿರುವಿ ಸೌಂಡ್ ಬಂದ್ ಮಾಡ್ರಿ. ದೇವ್ರು ತಾನಾಗೇ ಇಳೀತೈತೆ."