ತಿಪ್ಪೆ ನೋಡುವ ಚಿಕ್ಕಪ್ಪ

ಕೋಳಿಗಳನ್ನು ಬಿಟ್ಟರೆ ತಿಪ್ಪೆಯನ್ನು ನಮ್ಮ ಚಿಕ್ಕಪ್ಪನಷ್ಟು ಪ್ರೀತಿಸಿದ ಜೀವ ಈ ಭೂಮಿಯ ಮೇಲೆ ಮತ್ತೊಂದಿಲ್ಲ! ಇದನ್ನು ಅವನ ಎದುರಿಗೇ ಹೇಳಿದ್ದೇನೆ. ಅವನಿಗೆ ಸಿಟ್ಟು ಬರಲಿಲ್ಲ. ಪಾಪ, ಕೋಳಿಗೆ ಒಳಗಿನ ಹುಳ ಮಾತ್ರ ಗೊತ್ತು, ಗ್ಯಾಸು ಗೊತ್ತಿಲ್ಲ ಎಂದು ಕೋಳಿಗಾಗಿ ಮರುಗಿದ.

ಎಪ್ಪತ್ತರ ದಶಕದ ಮಾತು. ಕುರುಗೋಡಿನಲ್ಲಿ ಅವನದು ಸೀಮೆಎಣ್ಣೆಯ ಗ್ಯಾಸ್‌ಲೈಟು ಬಾಡಿಗೆಗೆ ಕೊಡುವ ಅಂಗಡಿ. ಮದುವೆ, ಮೆರವಣಿಗೆ, ಬಯಲಾಟ ಎಲ್ಲಿದ್ದರೂ ಅವನ ಲೈಟು ಇರಲೇಬೇಕು. ಆಮೇಲೆ ಸೀಮೆಎಣ್ಣೆಗೆ ಬರ ಬಂತು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತೂ ನಿಂತೂ ಬೇಸತ್ತಿದ್ದ ಚಿಕ್ಕಪ್ಪನಿಗೆ ಯಾರೋ ಓವರ್ಸಿಯರ್ ಚಹಾ ಕುಡಿಯುತ್ತ ಒಂದು ಮಾತು ಹೇಳಿದರಂತೆ. ಕೊಳೆತದ್ದರಲ್ಲೆಲ್ಲ ಗ್ಯಾಸು ಇರುತ್ತದೆ, ಹಿಡಿದರೆ ಉರಿಯುತ್ತದೆ ಎಂದು. ಓವರ್ಸಿಯರ್ ಚಹಾ ಕುಡಿದು ಮರೆತರು. ಚಿಕ್ಕಪ್ಪ ಮರೆಯಬೇಕಲ್ಲ!

ನಾವಿದ್ದದ್ದು ಬಳ್ಳಾರಿಯಲ್ಲಿ, ಕೋಟೆ ಗುಡ್ಡದ ಬುಡಕ್ಕೆ. ಬಳ್ಳಾರಿಗೆ ಬಂದವರೆಲ್ಲ ಆ ಗುಡ್ಡ ನೋಡಿದರೆ ಇವನು ಊರಾಚೆಯ ಕಸದ ಗುಡ್ಡ ನೋಡುತ್ತಿದ್ದ. ಬಸ್ಸಿಳಿದವನು ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಮ್ಮ ಮನೆಗೆ ಬರುತ್ತಿದ್ದ. ಅವನು ಬಂದದ್ದು ನಮ್ಮವ್ವನಿಗೆ ಬಾಗಿಲು ತೆರೆಯುವ ಮೊದಲೇ ಮೂಗಿನಿಂದ ತಿಳಿಯುತ್ತಿತ್ತು.

ಒಂದು ಸಂಜೆ ನನ್ನನ್ನೂ ಕರೆದುಕೊಂಡು ಹೋದ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತೆ. ಕೆಂಪು ಬಿಸಿಲು ಕಸದ ಮೇಲೆ ಒರಗಿತ್ತು. ಸಣ್ಣಗೆ ಹಬೆ ಏಳುತ್ತಿತ್ತು, ಬೆಳ್ಳಕ್ಕಿಗಳು ನಡುನಡುವೆ ಹೆಜ್ಜೆ ಹಾಕುತ್ತಿದ್ದವು. ಚಿಕ್ಕಪ್ಪ ಮೆಲ್ಲಗೆ ಹೇಳಿದ:

"ಇದರೊಳಗ ಇಡೀ ಊರಿನ ದೀಪ ಮಲಗ್ಯಾವ ನೋಡವ್ವ. ಎಬ್ಬಸೋರು ಬೇಕು, ಅಷ್ಟ."

ನಗಬೇಕೆಂದುಕೊಂಡೆ, ನಗು ಬರಲಿಲ್ಲ. ಸ್ಟೇಷನ್ನಿನಿಂದ ಕೋಟೆಯವರೆಗೆ ಸಾಲುದೀಪ ಹತ್ತಿದಂತೆ ಕಂಡಿತು. ಒಂದರಲ್ಲಿ ಯಾರದೋ ಮನೆಯ ಕೊಳೆತ ಬದನೆಕಾಯಿ ಉರಿಯುತ್ತಿತ್ತು, ಇನ್ನೊಂದರಲ್ಲಿ ಬಾಡಿದ ಹೂವು. ನಮ್ಮ ಮನೆಯ ಪುಂಡಿಸೊಪ್ಪಿನ ದಂಟು ಯಾವ ದೀಪದಲ್ಲಿದೆಯೋ ಎಂದು ನಾನು ಹುಡುಕುತ್ತಿದ್ದೆ. ಮೂಗಿನಿಂದ ಸೆರಗು ಯಾವಾಗ ಜಾರಿತೋ ಗೊತ್ತಾಗಲಿಲ್ಲ!

ಹಾಗೆಂದು ಅವನು ಬರೀ ಕನಸು ಕಾಣುವವನಲ್ಲ, ಖರ್ಚಿನ ವಿಚಾರವೂ ಇತ್ತು. ಗ್ಯಾಸು ಪುಕ್ಕಟೆ, ಅದನ್ನು ಹಿಡಿಯುವುದು ತುಟ್ಟಿ ಎನ್ನುತ್ತಿದ್ದ. ಎಂಜಿನ್ ಓಡಿಸಬೇಕೆಂದರೆ ಗ್ಯಾಸನ್ನು ಶುದ್ಧ ಮಾಡಬೇಕು, ಅದು ದೊಡ್ಡವರ ಆಟ. ಒಲೆಗಾದರೆ ದಿನಾ ತಪ್ಪದೆ ಬರಬೇಕು. ದೀಪಕ್ಕೆ ಸ್ವಲ್ಪ ಸಾಕು. ದೂರ ಒಯ್ದರೆ ಪೈಪಿನ ಖರ್ಚು, ದಾರಿಯಲ್ಲಿ ಸೋರಿಕೆ. ಆದ್ದರಿಂದ ಕೊಳೆತಲ್ಲೇ ಉರಿಸಬೇಕು. ಕೊಳೆಸಲು ಇಟ್ಟಿಗೆಯ ಗುಂಡಿ, ಗ್ಯಾಸು ಹಿಡಿಯಲು ಕಬ್ಬಿಣದ ಡ್ರಮ್ಮು ಎಂದರೆ ಒಂದು ಎಮ್ಮೆಯ ಬೆಲೆ. ಎಮ್ಮೆಯಾದರೂ ಹಾಲು ಕೊಡುತ್ತದೆ ಎಂದು ಚಿಕ್ಕಮ್ಮ ಒಂದೇ ಮಾತಿನಲ್ಲಿ ಡ್ರಮ್ಮಿನ ಕಥೆ ಮುಗಿಸಿದಳು.

ಚಿಕ್ಕಪ್ಪ ಬಿಟ್ಟಾನೆಯೇ? ರಸ್ತೆ ಕೆಲಸದವರು ಎಸೆದುಹೋದ ಡಾಂಬರು ಡ್ರಮ್ಮು ತಂದ. ಹಿತ್ತಲ ಗುಂಡಿಯಲ್ಲಿ ಕಸ, ಸಗಣಿ, ನೀರು ತುಂಬಿ ಡ್ರಮ್ಮನ್ನು ಬೋರಲು ಹಾಕಿ, ಮೇಲೊಂದು ಪೈಪು ಕೂರಿಸಿದ. ಕೆಲವು ವಾರದ ಮೇಲೆ, ಹಾಡುಹಗಲು, ಓಣಿಯವರನ್ನೆಲ್ಲ ಸೇರಿಸಿ ಪೈಪಿಗೆ ಕಡ್ಡಿ ಗೀರಿದ. ಏನೂ ಕಾಣಲಿಲ್ಲ. ಜನ ಎದ್ದು ಹೊರಟರು. ಹೀಗೇಕಾಯಿತೆಂದು ಬಗ್ಗಿ ನೋಡಿದ ಚಿಕ್ಕಪ್ಪನ ಅರ್ಧ ಮೀಸೆ ಚಟಪಟ ಎಂದಿತು! ತಿಳಿನೀಲಿ ಉರಿ, ಬಿಸಿಲಿಗೆ ಕಾಣುತ್ತಿರಲಿಲ್ಲ ಅಷ್ಟೆ. ಉಳಿದರ್ಧ ಮೀಸೆಯನ್ನು ಅವನು ಬಹಳ ದಿನ ಬೋಳಿಸಲಿಲ್ಲ, ನಂಬದವರಿಗೆ ತೋರಿಸಲು ಬೇಕಲ್ಲ!

ಅಲ್ಲಿಂದ ಮುಂದೆ ಮದುವೆಗಳಲ್ಲಿ ಅವನ ಕಣ್ಣು ಲೈಟಿನ ಮೇಲೆ ಇರಲಿಲ್ಲ, ಉಂಡೆಲೆಗಳ ಮೇಲಿತ್ತು. ಜನ ಊಟಕ್ಕೆ ಮುಂದಿನ ಪಂಕ್ತಿ ಹಿಡಿದರೆ ಇವನು ಚಪ್ಪರದ ಹಿಂದೆ ಗಾಡಿ ಹಿಡಿದು ನಿಲ್ಲುತ್ತಿದ್ದ. ಯಾರಾದರೂ ಎಲೆಯಲ್ಲಿ ಪಾಯಸ ಬಿಟ್ಟರೆ ಅವನಿಗೆ ಹಬ್ಬ. ಬಾದನಹಟ್ಟಿಯ ಒಂದು ಮದುವೆಯಲ್ಲಿ ದನಗಳಿಗೂ ಇವನಿಗೂ ಎಲೆಗಾಗಿ ಪೈಪೋಟಿ ನಡೆದು, ದನಗಳೇ ಹಿಂದೆ ಸರಿದವಂತೆ!

ಇಂಥ ಹೊತ್ತಿನಲ್ಲಿ ಸಿರುಗುಪ್ಪದಿಂದ ನನಗೆ ಸಂಬಂಧ ಬಂತು. ಕಾಲುವೆ ನೀರಿನ ಭತ್ತದ ಗದ್ದೆ, ಕೊಟ್ಟಿಗೆ ತುಂಬ ದನ. ಹುಡುಗನನ್ನು ನಾನು ನೋಡಿದ್ದೆ, ಮನಸ್ಸೂ ಆಗಿತ್ತು. ಚಿಕ್ಕಪ್ಪನ ಹುಚ್ಚು ಗೊತ್ತಾಗಿ ಸಂಬಂಧ ಮುರಿದರೆ? ಗಂಡಿನ ಮನೆ ನೋಡಲು ಹಿರಿಯರು ಹೊರಟಾಗ ಅವ್ವ ಅವನ ಕೈ ಹಿಡಿದು, ತಿಪ್ಪೆ ಅನ್ನುವ ಮಾತು ಬಾಯಿಂದ ಬರಕೂಡದು ಎಂದು ಮಾತು ತೆಗೆದುಕೊಂಡಳು. ಅವನು ಒಪ್ಪಿದ.

ಮಾತಿಗೆ ತಪ್ಪಲೂ ಇಲ್ಲ. ಬಾಯೇ ಬಿಡದೆ ಹಿತ್ತಲಿಗೆ ಹೋಗಿ ಅವರ ತಿಪ್ಪೆ ಏರಿದ! ಅಪ್ಪ ಹುಡುಕಿಕೊಂಡು ಹೋದಾಗ ಮೊಣಕೈವರೆಗೆ ಕೈ ಒಳಗಿಟ್ಟು ಕಣ್ಣು ಮುಚ್ಚಿ ಕೂತಿದ್ದನಂತೆ. ಹಿಂದೆಯೇ ಬಂದ ಗಂಡಿನ ತಂದೆಯನ್ನು ನೋಡಿ ಅಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಆ ಗಂಭೀರ ಮನುಷ್ಯನ ಮುಖ ಅರಳಿತು.

"ತಿಪ್ಪಿ ನೋಡಿ ಹೆಣ್ಣು ಕೊಡಬೇಕು ಅಂತಿದ್ದ ನಮ್ಮಪ್ಪ. ಈಗ ಯಾರು ನೋಡ್ತಾರ್ರಿ? ನೀವೊಬ್ರು ಹಿರೇರು ಸಿಕ್ಕ್ರಿ."

ದೊಡ್ಡ ತಿಪ್ಪೆ ಎಂದರೆ ದನ ಬಹಳ, ದನ ಬಹಳ ಎಂದರೆ ಉಂಡುಡುವ ಮನೆ. ಹಳೆಯ ಕಾಲದ ಆ ಪರೀಕ್ಷೆ ನಡೆಯುತ್ತಿದೆ ಎಂದು ಅವರು ತಿಳಿದರು. ಚಿಕ್ಕಪ್ಪ ತಿಪ್ಪೆಯ ಮೇಲಿಂದಲೇ, ಒಳಗೆ ಭಾಳ ಬೆಚ್ಚಗಿದೆ, ಚಲೋ ಮನೆತನ ಎಂದು ತೀರ್ಪು ಕೊಟ್ಟ. ಸಂಬಂಧ ಅಲ್ಲೇ ಗಟ್ಟಿಯಾಯಿತು!

ಮದುವೆಯ ಉಡುಗೊರೆಯಾಗಿ ಅವನು ಆ ಹಿತ್ತಲಲ್ಲಿ ಗುಂಡಿ ಕಟ್ಟಿಸಿ, ಡ್ರಮ್ಮು ಇಳಿಸಿ, ನನ್ನ ಅಡಿಗೆಮನೆಗೆ ಪೈಪು ಎಳೆದ. ಒಲೆಯಲ್ಲಿ ನೀಲಿ ಹೂವಿನಂಥ ಉರಿ ಎದ್ದಿತು. ಆದರೆ ಅದರೆದುರು ಒಬ್ಬಳೇ ಕೂತರೆ ನನಗೆ ಬಳ್ಳಾರಿಯೇ ಕಾಣುತ್ತಿತ್ತು. ಅತ್ತೆ ಇಲ್ಲದ ಮನೆ, ನಮ್ಮವರು ಇಡೀ ದಿನ ಗದ್ದೆಯಲ್ಲಿ, ಮಾವನವರು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಗಂಗಾಳದಲ್ಲಿ ಅರ್ಧ ಊಟ ಹಾಗೇ ಉಳಿಯುತ್ತಿತ್ತು. ಹೆಣ್ಣು ಕೊಟ್ಟ ಮನೆಗೆ ಕಾರಣವಿಲ್ಲದೆ ಪದೇಪದೇ ಹೋಗಬಾರದೆಂದು ತವರಿನವರೂ ಬರುತ್ತಿರಲಿಲ್ಲ.

ಸುದೈವಕ್ಕೆ ಚಿಕ್ಕಪ್ಪನ ಗ್ಯಾಸು ಆಗಾಗ ಕೆಡುತ್ತಿತ್ತು! ಒಲೆ ಆರಿದ ಕೂಡಲೇ ಮಾವನವರು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕುರುಗೋಡಿಗೆ ಹೇಳಿ ಕಳಿಸುತ್ತಿದ್ದರು. ಚಿಕ್ಕಪ್ಪ ಚೀಲದಲ್ಲಿ ನಟ್ಟು ತಿರುವುವ ಪಾನಾ, ಇಕ್ಕಳದ ಜೊತೆಗೆ ಅವ್ವ ಕಳಿಸಿಟ್ಟಿದ್ದ ಗುರೆಳ್ಳು ಪುಡಿಯನ್ನೂ ತರುತ್ತಿದ್ದ. ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ತವರಿನ ಸುದ್ದಿಯೆಲ್ಲ ಹೇಳುತ್ತಿದ್ದ. ಇದೆಂಥ ಕೆಲಸ, ಒಂದು ತಿಂಗಳೂ ನೆಟ್ಟಗೆ ನಡೆಯುವುದಿಲ್ಲ ಎಂದು ಓಣಿಯವರು ನಗುತ್ತಿದ್ದರು.

ಒಂದು ಬೆಳಿಗ್ಗೆ ಒಲೆ ಇದ್ದಕ್ಕಿದ್ದಂತೆ ಆರಿತು. ಹಿತ್ತಲಿಗೆ ಓಡಿದೆ. ಮಾವನವರು ಡ್ರಮ್ಮಿನ ಬಳಿ ಕುಕ್ಕರಗಾಲಲ್ಲಿ ಕೂತು, ಪಾನಾ ಹಾಕಿ ಪೈಪಿನ ನಟ್ಟು ಸಡಿಲಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಮುಖ ಆಚೆ ತಿರುಗಿಸಿದರು.

"ನಿನ್ನೆ ಸರಿ ಉಂಡಿಲ್ಲಂತಲ್ಲವ್ವ. ಗ್ಯಾಸು ನಿಂತೈತಿ. ಹೇಳಿ ಕಳಸ್ತೀನಿ."

ಮಧ್ಯಾಹ್ನದ ಬಸ್ಸಿಗೆ ಚಿಕ್ಕಪ್ಪ ಬಂದ. ನಟ್ಟಿನ ಮೇಲೆ ಹೆಬ್ಬೆರಳು ಆಡಿಸಿದ. ಪಾನಾದ ಹಸಿ ಗೀರು ಅಲ್ಲೇ ಹೊಳೆಯುತ್ತಿತ್ತು. ಸರಿಮಾಡಲು ಒಂದು ತಿರುವು ಸಾಕಾಗಿತ್ತು. ಮಾವನವರು ಬೇವಿನ ಮರದ ಕಾಗೆ ನೋಡುತ್ತ, ಏನಾಗಿದೆ ಎಂದು ಕೇಳಿದರು.

"ರಿಪೇರಿ ದೊಡ್ಡದೈತ್ರಿ ಬೀಗ್ರೇ. ಎರಡು ದಿನ ಹಿಡೀತೈತಿ."

"ಹಿಡೀಲಿ ಬಿಡ್ರಿ. ಅವಸರ ಏನೈತಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಷ್ಟು ದಿನದ ರಿಪೇರಿಗಳೆಲ್ಲ ಏನೆಂದು ನನಗೆ ಆಗ ತಿಳಿಯಿತು, ಅಳು ಬಂತು. ಅದು ನನ್ನ ಮನೆ ಎಂದು ಮೊದಲ ಸಲ ಅನ್ನಿಸಿದ್ದೂ ಅವತ್ತೇ. ಒಳಗೆ ಹೋಗಿ ಕಟ್ಟಿಗೆ ಒಲೆ ಹಚ್ಚಿದೆ. ಇಬ್ಬರಿಗೂ ಬಿಸಿ ರೊಟ್ಟಿ ಬಡಿದು ಹಾಕಿ, ನಾನೂ ಹೊಟ್ಟೆ ತುಂಬ ಉಂಡೆ.