ಮಾತಿನ ಮೇಡಂ ತಲೆಗೆ ಸರ್ಕಾರಿ ಟೋಪಿ

ಮಾತು ಮತ್ತು ಮಿದುಳು ಪರಸ್ಪರ ಪೂರಕವಾಗಿ ಕಾರ್ಯನಿರ್ವಹಿಸತಕ್ಕದ್ದು ಎಂದು ಸರ್ಕಾರ ಆದೇಶ ಹೊರಡಿಸಿತು. ಅದಕ್ಕೂ ಮುಂಚೆ ಅವೆರಡೂ ನಮ್ಮ ಮನಃಸ್ವಾಸ್ಥ್ಯ ಕೇಂದ್ರದಲ್ಲಿ ಯಾರ ಅನುಮತಿಯನ್ನೂ ಪಡೆಯದೆ, ತಮಗೆ ತೋಚಿದಂತೆ ಕೆಲಸ ಮಾಡಿಕೊಂಡಿದ್ದವು. ಸದರಿ ಕೇಂದ್ರದ ಕಚೇರಿ ಅಧೀಕ್ಷಕನಾದ ನನಗೆ ಇದು ಬಹುಕಾಲದಿಂದ ಬೇಸರದ ಸಂಗತಿಯಾಗಿತ್ತು.

ನಮ್ಮಲ್ಲಿ ಚಿಕಿತ್ಸೆ ಅಂದರೆ ಮಾತಿನ ಮೇಡಂ. ಸರ್ಕಾರಿ ಭಾಷೆಯಲ್ಲಿ ಆಪ್ತಸಮಾಲೋಚಕಿ. ಮನಸ್ಸು ಭಾರವಾದವರು ಬಂದು ಅವರ ಎದುರು ಕೂರುತ್ತಾರೆ, ಹೇಳಿಕೊಳ್ಳುತ್ತಾರೆ, ಅಳುತ್ತಾರೆ. ಮೇಡಂ ನಡುನಡುವೆ "ಹೂಂ, ಆಮೇಲೆ?" ಅನ್ನುತ್ತಾರೆ. ಜನ ಹಗುರಾಗಿ ಎದ್ದು ಹೋಗುತ್ತಾರೆ. ಮಾತೆಲ್ಲ ಎದುರಿನವರದೇ ಆದರೂ ಹೆಸರು ಮಾತ್ರ ಮೇಡಂಗೆ ಅಂಟಿಕೊಂಡಿದೆ. ಈ ಪದ್ಧತಿಯಲ್ಲಿ ಜನ ಗುಣವಾಗುತ್ತಿದ್ದರು, ಅದು ನಿಜ. ಆದರೆ ಒಂದು ದೊಡ್ಡ ಕೊರತೆಯಿತ್ತು. ಅದರಲ್ಲಿ ಉದ್ಘಾಟನೆ ಮಾಡುವಂಥದ್ದು ಏನೂ ಇರಲಿಲ್ಲ. ಮಾತಿಗೆ ಟೇಪು ಕಟ್ಟಿ ಕತ್ತರಿಸಲು ಬರುತ್ತದೆಯೇ? ನಿರ್ದೇಶಕರು ಇದೇ ಕೊರಗಿನಲ್ಲಿ ಸಣ್ಣಗಾಗಿದ್ದರು.

ಹಾಗಾಗಿ ಯಂತ್ರ ಬಂತು. ಒಂದು ಪರದೆ, ಒಂದು ಪೆಟ್ಟಿಗೆ, ವೈರುಗಳು ಜೋತಾಡುವ ಒಂದು ಬಟ್ಟೆಯ ಟೋಪಿ. ಜೊತೆಗೆ ಬಂದ ತಂತ್ರಜ್ಞ ತಾಳ್ಮೆಯ ಮನುಷ್ಯ, ಎಲ್ಲರನ್ನೂ ನಿಲ್ಲಿಸಿಕೊಂಡು ವಿವರಿಸಿದ.

"ಟೋಪಿ ಹಾಕ್ಕೊಂಡ್ರೆ ಮಿದುಳಿನ ಅಲೆಗಳನ್ನ ಇದು ಓದುತ್ತೆ. ತಲೆ ಶಾಂತವಾಗಿದ್ರೆ ಪರದೆ ಮೇಲಿರೋ ಕಾರು ಓಡುತ್ತೆ, ಗಾಬರಿಯಾದ್ರೆ ನಿಲ್ಲುತ್ತೆ. ಕಾರು ಓಡಿಸ್ತಾ ಓಡಿಸ್ತಾ ತಲೆಗೆ ಶಾಂತವಾಗಿರೋದು ಅಭ್ಯಾಸ ಆಗುತ್ತೆ. ಆದ್ರೆ ಇದು ಮಾತಿನ ಬದಲಿಗಲ್ಲ, ಮಾತಿನ ಜೊತೆಗೆ."

"ಜೊತೆಗೆ ಅಂದ್ರೆ ಎಷ್ಟು ಜೊತೆಗೆ?" ಎಂದು ಕೇಳಿದೆ.

ತಂತ್ರಜ್ಞ ತಲೆ ಕೆರೆದುಕೊಂಡ. ಓದಿದವರ ಹಣೆಬರಹವೇ ಇಷ್ಟು, ಮುಖ್ಯವಾದ್ದನ್ನು ಕೇಳಿದರೆ ಬಾಯಿ ಕಟ್ಟುತ್ತದೆ.

ಯಂತ್ರವನ್ನು ತಂಪಾಗಿಡಬೇಕೆಂದು ಒಂದು ಏಸಿ ಕೂಡ ಮಂಜೂರಾಗಿತ್ತು. ಯಂತ್ರದ ಕುರಿತ ತೀರ್ಮಾನಗಳನ್ನು ತಂಪಾದ ತಲೆಯಲ್ಲಿ ತೆಗೆದುಕೊಳ್ಳಬೇಕಾದ್ದರಿಂದ ನಿರ್ದೇಶಕರು ಅದನ್ನು ತಮ್ಮ ಕೋಣೆಗೆ ಹಾಕಿಸಿಕೊಂಡರು. ಯಂತ್ರದ ಕೋಣೆಯಲ್ಲಿ ಕಿಟಕಿ ತೆರೆದಿಟ್ಟೆವು.

ಇನ್ನು ಯಂತ್ರವನ್ನು ದಾಸ್ತಾನಿಗೆ ತೆಗೆದುಕೊಳ್ಳುವ ಕೆಲಸ. ಅದು ನನ್ನದು, ಮತ್ತು ಹೇಳಿಕೊಳ್ಳಲು ಸಂಕೋಚವಿಲ್ಲ, ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಪರದೆ ಪೀಠೋಪಕರಣಕ್ಕೆ ಹೋಯಿತು. ಪೆಟ್ಟಿಗೆ ವಿದ್ಯುತ್ ಸಾಮಗ್ರಿಗೆ. ಟೋಪಿ ಟೋಪಿಯೇ ಆದ್ದರಿಂದ ಕಾವಲುಗಾರನ ಬೂಟು, ಮಳೆಕೋಟುಗಳ ಜೊತೆ 'ಧರಿಸುವ ಸಾಮಗ್ರಿ'ಗೆ ಸೇರಿತು. ಧರಿಸುವ ಸಾಮಗ್ರಿಗೆ ನಿಯಮ ಸ್ಪಷ್ಟವಾಗಿದೆ: ಯಾವ ನೌಕರರ ಹೆಸರಿಗೆ ಕೊಡಲಾಗಿದೆಯೋ ಅವರ ಹೊರತು ಅನ್ಯರು ಧರಿಸತಕ್ಕದ್ದಲ್ಲ. ಟೋಪಿಯನ್ನು ಮೇಡಂ ಹೆಸರಿಗೆ ಕೊಟ್ಟಾಗಿತ್ತು.

"ಅಯ್ಯೋ ಸಾರ್, ಟೋಪಿ ಪೇಷಂಟಿಗೆ ಹಾಕ್ಬೇಕು!" ಎಂದು ತಂತ್ರಜ್ಞ ಬಾಯಿ ಬಾಯಿ ಬಡಿದುಕೊಂಡ.

"ಕಾವಲುಗಾರನ ಬೂಟು ಕಳ್ಳನಿಗೆ ಹಾಕ್ತಾರೇನಪ್ಪಾ?" ಎಂದೆ. ಕೂಡಲೇ ಬಾಗಿಲಿಗೆ ಪ್ರಕಟಣೆ ಅಂಟಿಸಿದೆ:

"ಸಾರ್ವಜನಿಕರ ಗಮನಕ್ಕೆ. ಮಿದುಳು ಚಿಕಿತ್ಸೆಯ ಟೋಪಿಯನ್ನು ಮೇಡಂ ಅವರೇ ಧರಿಸುವರು. ಸಾರ್ವಜನಿಕರು ಎದುರು ಕುಳಿತು ಗುಣಮುಖರಾಗತಕ್ಕದ್ದು. ಗುಣವಾಗುವ ಉದ್ದೇಶವಿಲ್ಲದವರು ಮುಂಚಿತವಾಗಿ ತಿಳಿಸತಕ್ಕದ್ದು."

ಇಂಥ ಸುಸಜ್ಜಿತ ಸ್ಥಿತಿಯಲ್ಲಿ ನಾವಿದ್ದಾಗ ಬಸ್ ಚಾಲಕರೊಬ್ಬರು ಹೆಂಡತಿಯ ಜೊತೆ ಬಂದರು. ಎತ್ತರದ ಆಳು, ದಪ್ಪ ಮೀಸೆ. ಆದರೆ ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಎದ್ದು ಓಡುವವರ ಹಾಗೆ ಕೂತಿದ್ದರು. ಮಾತೆಲ್ಲ ಹೆಂಡತಿಯದೇ. ಆಕೆ ದರ್ಜಿ, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

"ಹೊಳೆ ಸೇತುವೆ ಮೇಲೆ ಒಂದಿನ ಇವರ ಕೈ ಸ್ಟೀರಿಂಗಿಗೇ ಅಂಟಿಕೊಂಡ್ಬಿಡ್ತು ಸಾರ್. ಎದೆ ಢವಢವ, ಮೈಯೆಲ್ಲ ಬೆವರು. ಬಸ್ಸು ನಡುಸೇತುವೇಲಿ ನಿಂತೋಯ್ತು. ಜನರನ್ನ ಇಳಿಸಿ, ನಡೆಸಿಕೊಂಡು ಆಚೆ ದಡಕ್ಕೆ ಬಿಟ್ಟು ಬಂದ್ರಂತೆ. ಆವತ್ತಿಂದ ಬಸ್ ಹತ್ತಿಲ್ಲ. ನಮ್ಮ ಮನೇಲಿ ಊಟಕ್ಕೆ ತಟ್ಟೆ ಕೊಟ್ರೆ ಎರಡೂ ಕೈಲಿ ಹಿಡ್ಕೊಂಡು ಮೆಲ್ಲಗೆ ತಿರುಗಿಸ್ತಾರೆ. ನೋಡೋಕಾಗಲ್ಲ ಸಾರ್."

"ಏ, ಅದನ್ನೆಲ್ಲ ಯಾಕೆ ಹೇಳ್ತೀಯ?" ಎಂದರು ಚಾಲಕರು.

"ನೀವು ಹೇಳಿದ್ರೆ ನಾನ್ಯಾಕೆ ಹೇಳ್ತಿದ್ದೆ? ಬಾಯಿಗೆ ಹೊಲಿಗೆ ಹಾಕ್ಕೊಂಡು ಕೂತಿದ್ದೀರಲ್ಲ!"

ಮನಸ್ಸು ಸರಿಯಾಗಿದೆ ಎಂಬ ಪ್ರಮಾಣಪತ್ರ ತಿಂಗಳೊಳಗೆ ತರದಿದ್ದರೆ ಅವರನ್ನು ಕಾಯಂ ಆಗಿ ಬಸ್ ತೊಳೆಯುವ ಶೆಡ್ಡಿಗೆ ಹಾಕುವುದಾಗಿ ಡಿಪೋದವರು ಹೇಳಿದ್ದರು. "ಬಸ್ ತೊಳೆಯೋದು ಕೆಟ್ಟ ಕೆಲಸ ಅಲ್ಲ ಸಾರ್," ಎಂದರು ಚಾಲಕರು, ಮೊದಲ ಬಾರಿಗೆ ತಲೆಯೆತ್ತಿ. "ಆದ್ರೆ ತೊಳೆದ ಬಸ್ಸು ನನ್ನ ಬಿಟ್ಟು ಹೋಗುತ್ತಲ್ಲ, ಅದನ್ನ ನೋಡ್ಕೊಂಡು ನಿಂತ್ಕೋಬೇಕಲ್ಲ." ಪಾಪ ಅನ್ನಿಸಿತು. ಪ್ರಕಟಣೆ ಓದಿ ಹೇಳಿ ಒಳಗೆ ಕಳಿಸಿದೆ.

ಮೊದಲ ದಿನ ನಾನೂ ಒಳಗೆ ನಿಂತಿದ್ದೆ. ಟೋಪಿಯ ಸುರಕ್ಷತೆ ನನ್ನ ಜವಾಬ್ದಾರಿ ತಾನೇ. ಮೇಡಂ ಟೋಪಿ ಧರಿಸಿ ಕೂತರು. ಎದುರು ಚಾಲಕರು, ಪಕ್ಕದಲ್ಲಿ ಹೆಂಡತಿ. ತಂತ್ರಜ್ಞ ಗುಂಡಿ ಒತ್ತಿದ. ಪರದೆಯ ಮೇಲೆ ಉದ್ದನೆಯ ರಸ್ತೆ, ಒಂದು ಕೆಂಪು ಕಾರು. ಕಾರು ಅಲ್ಲಾಡಲಿಲ್ಲ.

"ಹೇಳಿ, ಏನಾಯ್ತು?" ಎಂದರು ಮೇಡಂ ಎಂದಿನಂತೆ.

ಚಾಲಕರ ಕಣ್ಣು ಪರದೆಯ ಮೇಲಿತ್ತು. "ನನ್ನದಿರ್ಲಿ ಮೇಡಂ, ನಿಮ್ಮ ಗಾಡಿಗೇನಾಗಿದೆ? ನಿಮಗೇನು ಗಾಬರಿ?"

"ನನಗೇನಿಲ್ಲಪ್ಪ."

"ಏನಿಲ್ಲ ಅಂದ್ರೆ ಕಾರು ಯಾಕೆ ಚಕ್ರಕ್ಕೆ ಕಲ್ಲು ಕೊಟ್ಟ ಹಾಗೆ ನಿಂತಿದೆ?" ಎಂದರು ಹೆಂಡತಿ. ಯಂತ್ರದ ಮುಂದೆ ಸುಳ್ಳು ನಡೆಯುವುದಿಲ್ಲ. ಮೇಡಂ ಟೋಪಿಯ ಒಂದು ವೈರನ್ನು ಬೆರಳಿಗೆ ಸುತ್ತಿಕೊಂಡರು. ಇಷ್ಟು ವರ್ಷಗಳಲ್ಲಿ ಆ ಕೋಣೆಯಲ್ಲಿ ಅವರನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

"ಮನೆಗೆ ಹೋದ್ರೆ ಯಾರ ಮಾತೂ ಕಿವಿಗೇ ಇಳಿಯಲ್ಲ," ಎಂದರು ಕೊನೆಗೆ. "ಮಗಳು ಶಾಲೆ ಸುದ್ದಿ ಹೇಳೋಕೆ ಬಂದ್ರೆ, ಹೂಂ ಆಮೇಲೆ ಅಂತೀನಿ. ಅಮ್ಮಾ, ನಾನು ನಿನ್ನ ಪೇಷಂಟ್ ಅಲ್ಲಮ್ಮಾ ಅಂತ ಎದ್ದು ಹೋಗ್ತಾಳೆ."

ಕಾರು ಒಂದು ಸಲ ಕುಲುಕಿ, ಮುಂದೆ ಸರಿಯಿತು.

"ಸ್ಟಾರ್ಟಾಯ್ತು!" ಎಂದು ಚಾಲಕರು ಎದ್ದು ನಿಂತೇಬಿಟ್ಟರು.

ಅಂದಿನಿಂದ ಆ ಕೋಣೆಯಲ್ಲಿ ಚಿಕಿತ್ಸೆಯೋ ಚಿಕಿತ್ಸೆ. ಚಾಲಕರು ಎದುರು ಕೂತು ಕೂಗುತ್ತಿದ್ದರು: "ಎಡಕ್ಕೆ ಮೇಡಂ, ಎಡಕ್ಕೆ! ಅಯ್ಯಯ್ಯೋ, ಲಾರಿಗೆ ದಾರಿ ಬಿಡಿ!" ಕಾರಿಗೆ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ, ಪರದೆಯ ಮೇಲೆ ಲಾರಿಯಂತೂ ಇರಲೇ ಇಲ್ಲ. ಅವರ ಕೂಗಾಟಕ್ಕೆ ಮೇಡಂ ರೇಗುತ್ತಿದ್ದರು, ಕಾರು ಗಕ್ಕನೆ ನಿಲ್ಲುತ್ತಿತ್ತು. "ನೀವೇ ನಿಲ್ಲಿಸಿದ್ದು," ಎಂದು ಮೇಡಂ. "ನಾನೆಲ್ಲಿ ನಿಲ್ಲಿಸಿದೆ, ಕ್ಲಚ್ ಬಿಟ್ಟಿದ್ದು ನೀವು," ಎಂದು ಅವರು. ಕೊನೆಗೆ ಮೇಡಂ ಹೊಟ್ಟೆ ಹಿಡಿದುಕೊಂಡು ನಗುವರು, ನಕ್ಕು ಸುಧಾರಿಸಿಕೊಂಡು ಕೂತರೆ ಕಾರು ಸೊಗಸಾಗಿ ಓಡುವುದು. ಮೇಡಂಗೆ ಒಳ್ಳೆಯ ನಿದ್ದೆ ಬರತೊಡಗಿತು. ಮಗಳು ಶಾಲೆಯ ಸುದ್ದಿಯನ್ನು ಮತ್ತೆ ಮನೆಗೆ ತರತೊಡಗಿದಳು.

ಟೋಪಿಯ ಪರಿಶೀಲನೆಗೆಂದು ನಾನು ಒಳಗಿದ್ದ ಒಂದು ದಿನ ಪರದೆಯ ಮೇಲೆ ಸೇತುವೆ ಬಂತು. ಮೇಡಂ ಥಟ್ಟನೆ ಚಾಲಕರ ಮುಖ ನೋಡಿದರು, ಕಾರು ನಿಂತಿತು.

"ನನ್ನ ಮುಖ ನೋಡ್ಬೇಡಿ, ರಸ್ತೆ ನೋಡಿ," ಎಂದರು ಚಾಲಕರು. ಹಣೆಯ ಮೇಲೆ ಬೆವರು. "ನಾನೂ ಆವತ್ತು ಅದೇ ಮಾಡಿದ್ದು ಮೇಡಂ. ಕನ್ನಡಿ ನೋಡಿದೆ. ಹಿಂದೆ ಒಬ್ಬಳು ತಾಯಿ ಮಗೂನ ಎತ್ತಿಕೊಂಡು ಆರಾಮಾಗಿ ನಿದ್ದೆ ಮಾಡ್ತಿದ್ಲು. ಇಷ್ಟು ಜನ ನನ್ನ ಕೈ ನಂಬ್ಕೊಂಡು ನಿದ್ದೆ ಮಾಡ್ತಿದ್ದಾರಲ್ಲ, ಕೈ ತಪ್ಪಿದ್ರೆ ಏನು ಗತಿ ಅನ್ನಿಸ್ತು. ಅಲ್ಲಿವರೆಗೂ ಒಂದು ದಿನಾನೂ ಹಾಗೆ ಅನ್ನಿಸಿರ್ಲಿಲ್ಲ. ಅಷ್ಟೇ, ಕೈ ನನ್ನ ಮಾತು ಕೇಳಲಿಲ್ಲ."

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದರು. ಆಕೆಗೂ ಅದು ಮೊದಲ ಸಲ ಗೊತ್ತಾದದ್ದು. ನಾನೂ ಕಣ್ಣೊರೆಸಿಕೊಂಡೆ. ಅಧೀಕ್ಷಕರು ಕಣ್ಣೊರೆಸಿಕೊಳ್ಳಬಾರದೆಂದು ನಿಯಮವೇನೂ ಇಲ್ಲ, ಆಮೇಲೆ ಹುಡುಕಿ ನೋಡಿದೆ.

"ಹಿಂದಿನವರ ಭಾರ ಎಲ್ಲ ನೀವೊಬ್ಬರೇ ಹೊತ್ಕೊಂಡ್ರಿ," ಎಂದರು ಮೇಡಂ ಮೆಲ್ಲಗೆ. "ನಾನೂ ಅದೇ ಕೆಲಸ ಮಾಡ್ತಿದ್ದೆ ನೋಡಿ." ಇಬ್ಬರೂ ಪರದೆಯ ಮೇಲಿನ ರಸ್ತೆ ನೋಡಿದರು. ಕಾರು ಸೇತುವೆ ದಾಟಿತು.

ತಿಂಗಳು ಮುಗಿಯುತ್ತ ಬಂದಾಗ ಚಾಲಕರು ಪ್ರಮಾಣಪತ್ರಕ್ಕೆ ಬಂದರು. ಯಂತ್ರದ ವರದಿ ನೋಡಿದೆ. ಮಿದುಳು ಅತ್ಯುತ್ತಮವಾಗಿ ಗುಣಮುಖವಾಗಿತ್ತು, ಆದರೆ ಅದು ಮೇಡಂ ಅವರ ಮಿದುಳು. ಟೋಪಿಯೊಳಗಿನ ತಲೆ ಯಾರದೋ ಪ್ರಮಾಣಪತ್ರ ಅವರಿಗೇ. ಹಾಗಾಗಿ 'ಬಸ್ ಚಾಲನೆಗೆ ಮಾನಸಿಕವಾಗಿ ಅರ್ಹರು' ಎಂದು ಮೇಡಂ ಹೆಸರಿನಲ್ಲಿ ಬರೆದು ಮೊಹರು ಒತ್ತಿದೆ.

"ಸಾರ್, ಮೇಡಂಗೆ ಸೈಕಲ್ ಕೂಡ ಬರಲ್ಲ!" ಎಂದರು ಹೆಂಡತಿ.

"ಮಾನಸಿಕವಾಗಿ ಅಂತಷ್ಟೇ ಬರೆದಿದ್ದೀನಿ ತಾಯಿ."

"ಮತ್ತೆ ನಮ್ಮ ಮನೆಯವರ ಗತಿ?"

"ಅವರ ತಲೆ ಟೋಪಿಯೊಳಗೆ ಹೋಗೇ ಇಲ್ಲ. ಅವರಿಗೆ ಕಾಯಿಲೆ ಇತ್ತು ಅನ್ನೋದಕ್ಕೂ ದಾಖಲೆ ಇಲ್ಲ, ವಾಸಿಯಾಯ್ತು ಅನ್ನೋದಕ್ಕೂ ಇಲ್ಲ."

ಆಕೆ ಕಣ್ಣು ಕೆಂಪಗೆ ಮಾಡಿಕೊಂಡು ಸೀದಾ ಮೇಲ್ಮಹಡಿಯ ನಿರ್ದೇಶಕರ ಕೋಣೆಗೆ ನುಗ್ಗಿದರು. ನಾನೂ ಹಿಂದೆ ಓಡಿದೆ. ನಿರ್ದೇಶಕರು ಏಸಿಯ ತಂಪಿನಲ್ಲಿ ಆದೇಶವನ್ನು ಮತ್ತೊಮ್ಮೆ ಓದಿ, ಮೇಜು ಗುದ್ದಿ, ಹಿಗ್ಗಿನಿಂದ ಎದ್ದರು. "ಪೂರಕ! ಅರ್ಹತೆ ಮೇಡಂದು, ಚಾಲನೆ ಇವರದು. ಇಬ್ಬರೂ ಜೊತೆಗೇ ಹೋಗಲಿ!" ಆ ಮನುಷ್ಯನಿಗೆ ಏಸಿ ಕೊಟ್ಟದ್ದು ಸಾರ್ಥಕವಾಯಿತು. ಡಿಪೋ ಮ್ಯಾನೇಜರು ಪತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲ ಸರಿಯಾಗಿದೆ, ಮೊಹರು ಚೆನ್ನಾಗಿ ಬಿದ್ದಿದೆ," ಎಂದು ಬಸ್ಸಿನ ಕೀಲಿಕೈ ಕೊಟ್ಟರು.

ಮರುದಿನ ಬೆಳಿಗ್ಗೆ ಬಸ್ಸು ಹೊರಟಿತು. ಮುಂದಿನದು ಮೇಡಂ ಬಂದು ಹೇಳಿದ್ದು. ಕರ್ತವ್ಯದಲ್ಲಿರುವಾಗ ಟೋಪಿ ಕಡ್ಡಾಯವಾದ್ದರಿಂದ ಮೇಡಂ ವೈರುಗಳನ್ನು ಕೈಚೀಲಕ್ಕೆ ತುರುಕಿಕೊಂಡು ಚಾಲಕರ ಹಿಂದೆಯೇ ಕೂತರು. ಹೊಸ ಸಮವಸ್ತ್ರವಿರಬೇಕೆಂದು ಜನ ತಲೆ ಕೆಡಿಸಿಕೊಳ್ಳಲಿಲ್ಲ. ಹೆಂಡತಿಯೂ ಟಿಕೆಟ್ ತೆಗೆದುಕೊಂಡು ಹತ್ತಿದ್ದರು. ಸೇತುವೆಯ ಹತ್ತಿರ ಬರುತ್ತಿದ್ದಂತೆ ಬಸ್ಸು ನಿಧಾನವಾಯಿತು. ನಿಂತಿತು.

"ಯಾಕ್ರೀ ನಿಲ್ಲಿಸಿದ್ರಿ?" ಎಂದು ಯಾರೋ ಕೂಗಿದರು.

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಚಾಲಕರೇ ಹಿಂದಕ್ಕೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನನಗೆ ಭಯ ಆಗ್ತಿದೆ."

ಹಿಂದಿನ ಸೀಟಿನವರು ಕತ್ತು ಚಾಚಿ ನೋಡಿದರು.

"ಅಯ್ಯೋ, ನನಗೂ ಆಗುತ್ತಪ್ಪ," ಎಂದರು ಒಬ್ಬ ತರಕಾರಿ ಮಾರುವ ಹೆಂಗಸು. "ದಿನಾ ಇಲ್ಲಿ ಕಣ್ಣು ಮುಚ್ಚಿಕೊಂಡೇ ಕೂತಿರ್ತೀನಿ. ನನಗೊಬ್ಬಳಿಗೇ ಅಂದ್ಕೊಂಡಿದ್ದೆ." ಅವರ ಹಿಂದಿನ ಮೇಷ್ಟರು ತಮಗೆ ಸೇತುವೆಯದಲ್ಲ, ಹೆಡ್‌ಮಾಸ್ಟರದ್ದು ಎಂದರು. ಇನ್ಯಾರೋ ಮಗಳ ಹೆರಿಗೆ ಎಂದರು. ಒಬ್ಬೊಬ್ಬರಾಗಿ ಎಲ್ಲರೂ ಹೇಳಿಕೊಂಡರು. ಚಾಲಕರು ಕೇಳುತ್ತ ಕೇಳುತ್ತ ನಕ್ಕುಬಿಟ್ಟರು. "ನಡೀರಿ ಹಾಗಾದ್ರೆ, ಎಲ್ಲರೂ ಸೇರಿ ಹೋಗೋಣ," ಎಂದು ಗೇರು ಹಾಕಿ, ಒಂದೇ ಉಸಿರಿಗೆ ಸೇತುವೆ ದಾಟಿಸಿದರು. ಆಚೆ ದಡದಲ್ಲಿ ಹೆಂಡತಿ ಎದ್ದು ಬಂದು, ಬಸ್ಸಿನ ತುಂಬ ಜನರಿದ್ದಾರೆನ್ನುವುದನ್ನೂ ನೋಡದೆ, ಅವರ ಬೆವರು ಒರೆಸಿದರು.

ಇಂಥ ಯಶಸ್ಸನ್ನು ನಿಯಮವಿಲ್ಲದೆ ಬಿಡುವುದುಂಟೇ? ನಾನೇ ಕರಡು ಬರೆದೆ, ನಿರ್ದೇಶಕರು ಸಹಿ ಹಾಕಿದರು, ಸೇತುವೆಯ ಮುಂದೆ ಫಲಕ ನಿಂತಿತು: "ಭಯ ಹೇಳಿಕೊಳ್ಳುವ ನಿಲುಗಡೆ. ಪ್ರಯಾಣಿಕರು ತಮ್ಮ ಭಯವನ್ನು ಚಾಲಕರಿಗೆ ಕೇಳುವಂತೆ ತಿಳಿಸತಕ್ಕದ್ದು. ಭಯವಿಲ್ಲದವರು ಇಳಿದು ನಡೆದುಕೊಂಡು ಹೋಗತಕ್ಕದ್ದು." ಕೊನೆಗೂ ಟೇಪು ಕತ್ತರಿಸಲು ಒಂದು ಫಲಕ ಸಿಕ್ಕಿತೆಂದು ನಿರ್ದೇಶಕರಿಗೆ ಮಹದಾನಂದ. ಜನ ಒಂದೇ ವಾರದಲ್ಲಿ ಒಗ್ಗಿಕೊಂಡರು. ಈಗ ಆ ಬಸ್ಸಿಗೆ ಕಾಲಿಡಲು ಜಾಗವಿರುವುದಿಲ್ಲ. ಸೇತುವೆಯಾಚೆ ಯಾವ ಕೆಲಸವೂ ಇಲ್ಲದವರು ಕೂಡ ಹತ್ತುತ್ತಾರೆ.

ಮೊನ್ನೆ ತಪಾಸಣೆಗೆಂದು ನಾನೂ ಹತ್ತಿದ್ದೆ. ನಿಲುಗಡೆ ಬಂತು. ಎಲ್ಲರೂ ಸರಸರ ತಮ್ಮ ತಮ್ಮ ಭಯ ಹೇಳಿದರು. ಕಂಡಕ್ಟರ್ ನನ್ನ ಬಳಿ ಬಂದ.

"ನನಗೇನಪ್ಪ ಭಯ? ನಾನು ಅಧೀಕ್ಷಕ."

"ಹಾಗಾದ್ರೆ ಇಳೀರಿ ಸಾರ್. ರೂಲ್ಸ್ ನಿಮ್ಮದೇ."

ಹೊರಗೆ ಉರಿಬಿಸಿಲು. ಸೇತುವೆ ಬಲು ಉದ್ದ. ಬಸ್ಸೆಲ್ಲ ನನ್ನನ್ನೇ ನೋಡುತ್ತಿತ್ತು.

"ನಿವೃತ್ತಿ," ಎಂದೆ. ಧ್ವನಿ ಸಣ್ಣಗೆ ಬಂತು. "ಮುಂದಿನ ವರ್ಷ. ಆಮೇಲೆ ನನ್ನನ್ನ ಯಾರು ಏನು ಕೇಳ್ತಾರೆ?"

ಯಾರೂ ನಗಲಿಲ್ಲ. ತರಕಾರಿಯವರು ಸ್ವಲ್ಪ ಒತ್ತರಿಸಿಕೊಂಡು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಚಾಲಕರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಸಾರ್, ಜೋರಾಗಿ," ಎಂದರು. "ಕೇಳುವಂತೆ ಅಂತ ಬರೆದಿದೆಯಲ್ಲ."

ಜೋರಾಗಿ ಹೇಳಿದೆ. ಬಸ್ಸು ಹೊರಟಿತು.