ಇಂಟರ್‌ವಲ್ ತನಕ ಮಾತ್ರ

ನಮ್ಮ ದೊಡ್ಡಪ್ಪ ನಮಗೆ ತೋರಿಸಿದ ಸಿನಿಮಾಗಳಿಗೆ ಲೆಕ್ಕವಿಲ್ಲ. ಆದರೆ ಮುಗಿಯುವವರೆಗೆ ತೋರಿಸಿದ್ದು ಒಂದೂ ಇಲ್ಲ!

ಆಗ ಯಶವಂತಪುರದಲ್ಲಿ ನಮ್ಮದೆಲ್ಲ ಒಂದೇ ಮನೆ. ಗೊರಗುಂಟೆಪಾಳ್ಯದ ಬಯಲಿಗೆ ಟೆಂಟ್ ಸಿನಿಮಾ ಬಂತೆಂದರೆ ದೊಡ್ಡಪ್ಪನೇ ತಮ್ಮ ಮಗಳು ಸರೋಜಳ ಜೊತೆ ನನ್ನನ್ನೂ ನನ್ನ ತಮ್ಮನನ್ನೂ ನಡೆಸಿಕೊಂಡು ಹೋಗುತ್ತಿದ್ದರು. ಮರಳಿನ ಮೇಲೆ ಕೂರಿಸಿ ಕಡಲೆಕಾಯಿ ಕೊಡಿಸುತ್ತಿದ್ದರು. ಇಂಟರ್‌ವಲ್ ದೀಪ ಹತ್ತಿದ್ದೇ ತಡ, “ಏಳ್ರೋ, ಸಾಕು. ಮಕ್ಕಳ ಕಣ್ಣು ಇಷ್ಟೇ ತಡ್ಕೊಳ್ಳೋದು!”

ಅಲ್ಲ, ಕಣ್ಣೇನು ಸರಿಯಾಗಿ ಇಂಟರ್‌ವಲ್ ನೋಡಿಕೊಂಡೇ ಸೋಲುತ್ತದೆಯೇ?

ಒಮ್ಮೆ ನಾಯಕ ಬಾವಿಗೆ ಬಿದ್ದಾಗಲೇ ದೀಪ ಹತ್ತಿತು. “ಮೇಲೆ ಬರ್ತಾನಾ ದೊಡ್ಡಪ್ಪ?” ಎಂದು ತಮ್ಮ ದಾರಿಯುದ್ದಕ್ಕೂ ಪೀಡಿಸಿದ. “ಈಜು ಬಂದ್ರೆ ಬರ್ತಾನೆ ಕಣೋ!” ಆ ನಾಯಕ ನಮ್ಮ ಪಾಲಿಗೆ ಇಂದಿಗೂ ಬಾವಿಯಲ್ಲೇ ಇದ್ದಾನೆ. ಶಾಲೆಯಲ್ಲಿ ವಿಚಾರಿಸಿದರೆ ಒಬ್ಬೊಬ್ಬನದು ಒಂದೊಂದು ಕಥೆ. ಒಬ್ಬನಂತೂ ಕೊನೆಗೆ ವಿಮಾನ ಬಂತೆಂದ. ರಾಜರ ಕಾಲದ ಸಿನಿಮಾದಲ್ಲಿ!

ಇನ್ನೊಂದು ಸಲ, ನಾಯಕಿಯ ತಾಯಿ ಕಾಯಿಲೆಯಿಂದ ಹಾಸಿಗೆ ಹಿಡಿದ ಜಾಗಕ್ಕೇ ಇಂಟರ್‌ವಲ್! ನನಗೆ ತಡೆಯಲಾಗಲಿಲ್ಲ. ಮರುದಿನ ಸಂಜೆ ಗೆಳೆಯನ ಮನೆಗೆಂದು ಅಮ್ಮನಿಗೆ ಸುಳ್ಳು ಹೇಳಿ ಟೆಂಟಿಗೆ ಓಡಿದೆ.

“ಏನ್ಲಾ, ಅರ್ಧಕ್ಕೆ ಬಂದಿದೀಯ?” ಎಂದ ಗೇಟಿನವನು.

“ಮೊದಲರ್ಧ ನಿನ್ನೇನೇ ನೋಡ್ಬಿಟ್ಟಿದೀನಿ!”

ಅವನು ನಕ್ಕು ಒಳಗೆ ಬಿಟ್ಟ. ಕತ್ತಲಲ್ಲಿ ತಡಕಾಡಿ ಒಬ್ಬರ ಪಕ್ಕ ಕೂತೆ. ಪರದೆಯ ಮೇಲೆ ಆ ತಾಯಿ ಕಣ್ಣು ಮುಚ್ಚಿದಳು. ಪಕ್ಕದವರು ಬಿಕ್ಕಿದರು. ತಿರುಗಿ ನೋಡುತ್ತೇನೆ, ದೊಡ್ಡಪ್ಪ!

ಬೈಗುಳಕ್ಕೆ ಸಿದ್ಧನಾದೆ. ಅವರು ಪಂಚೆಯ ತುದಿಯಿಂದ ಮುಖ ಒರೆಸಿಕೊಂಡರು, ಅಷ್ಟೇ.

“ನೀವ್ಯಾಕ್ ಬಂದ್ರಿ ದೊಡ್ಡಪ್ಪ?”

“ಪ್ರತಿ ಸಲಾನೂ ಬರ್ತೀನಿ ಕಣೋ. ಎಲ್ಲಾ ಸಿನಿಮಾದಲ್ಲೂ ಆಮೇಲೇನೇ ಯಾರಾದ್ರೂ ಸಾಯೋದು. ಈ ತಾಯಿ ಬದುಕಿದ್ರೆ ನಾಳೆ ಸರೋಜಂಗೆ ಪೂರ್ತಿ ತೋರಿಸೋಣ ಅಂದ್ಕೊಂಡಿದ್ದೆ.”

ದೊಡ್ಡಮ್ಮ ತೀರಿಕೊಂಡು ಆಗಿನ್ನೂ ಎರಡು ವರ್ಷವೂ ಆಗಿರಲಿಲ್ಲ.

ಇಬ್ಬರೂ ನಡೆದು ಮನೆಗೆ ಬಂದೆವು. ನಾವು ಟೆಂಟಿಗೆ ಹೋಗಿದ್ದು ಸರೋಜಳಿಗೆ ಅದು ಹೇಗೆ ಗೊತ್ತಾಯಿತೋ! ಬಾಗಿಲಲ್ಲೇ ತಡೆದು ಕೇಳಿದಳು: “ಆ ಅಮ್ಮಂಗೆ ಏನಾಯ್ತೋ?”

ಚಪ್ಪಲಿ ಬಿಡುತ್ತಿದ್ದ ದೊಡ್ಡಪ್ಪ ಹಾಗೇ ನಿಂತುಬಿಟ್ಟರು.

“ಹುಷಾರಾದ್ರು,” ಎಂದೆ.

ಅವಳು ನಂಬಿದಳೋ ಇಲ್ಲವೋ, ನಾನರಿಯೆ. ಊಟಕ್ಕೆ ಮಾತ್ರ ಅಂದು ತನ್ನ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಅಪ್ಪನಿಗೆ ಒತ್ತಿಕೊಂಡು ಕೂತಳು.